ತಟ್ಟೆ, ಬೆಲೆ ಮತ್ತು ಕೊಸರು

ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಂಡ ಮೇಲೆ ನಾಲ್ಕು ಕಡ್ಡಿ ಕೊತ್ತಂಬರಿಯನ್ನು ಕೊಸರು ಹಾಕಿಸಿಕೊಳ್ಳದಿದ್ದರೆ ವ್ಯಾಪಾರ ಮುಗಿದ ಹಾಗೆ ಅನ್ನಿಸುವುದಿಲ್ಲ. ಗಾಂಧಿ ಬಜಾರಿನಲ್ಲಿ ಕಲಿತ ಈ ಬುದ್ಧಿಯನ್ನು ನಾವು ಅಮೆರಿಕಕ್ಕೆ ಬರುವಾಗ ವಿಮಾನ ನಿಲ್ದಾಣದಲ್ಲಿ ಬಿಟ್ಟು ಬರಲಿಲ್ಲ. ಇಲ್ಲಿ ಚೌಕಾಸಿ ಇಲ್ಲ, ನಿಜ. ಆದರೆ ಭಾನುವಾರದ ಪೇಪರಿನ ಹೊಟ್ಟೆಯೊಳಗೆ ಬರುತ್ತಿದ್ದ ಬಣ್ಣದ ಹಾಳೆಗಳು, ಕತ್ತರಿಸಿಡುವ ಕೂಪನ್ನುಗಳು, ಒಂದು ಕೊಂಡರೆ ಇನ್ನೊಂದು ಉಚಿತ, ಡಬ್ಬದ ಮೇಲಿನ ಚೀಟಿ ಕತ್ತರಿಸಿ ಅಂಚೆಗೆ ಹಾಕಿದರೆ ಎಂಟು ವಾರಕ್ಕೆ ಬರುವ ರಿಬೇಟು ಚೆಕ್ಕು, ಇವೆಲ್ಲ ಕೊಸರಿನ ಅಣ್ಣತಮ್ಮಂದಿರೇ ಅಲ್ಲವೇ? ಒಂದೇ ವ್ಯತ್ಯಾಸವೆಂದರೆ, ಸೊಪ್ಪಿನವಳ ಹತ್ತಿರ ಕೊಸರನ್ನು ನಾವು ಕೇಳುತ್ತಿದ್ದೆವು. ಇಲ್ಲಿ ಅವರೇ ಕರೆದು ಕೊಡುತ್ತಾರೆ. ಕರೆದು ಕೊಡುವ ಕೊಸರನ್ನು ಸ್ವಲ್ಪ ತಿರುಗಿಸಿ ನೋಡಬೇಕು.

ಈ ಬರಹಕ್ಕೆ ಕಾರಣ ಕಳೆದ ಸಮಿತಿ ಸಭೆಯಲ್ಲಿ ನಡೆದ ವಾದ. ನಮ್ಮ ಕೂಟದ ವಿಡಿಯೋ ಪೆಟ್ಟಿಗೆಗಳು ನಮ್ಮ ಗರಾಜಿನಲ್ಲಿವೆ. ಅವನ್ನು ಎಸೆಯಬೇಕೋ ಇಟ್ಟುಕೊಳ್ಳಬೇಕೋ ಎಂಬ ಪ್ರಶ್ನೆ ಬಂದಾಗ ಒಬ್ಬರು, "ಈಗ ಎಲ್ಲಾ ಟೀವಿಯಲ್ಲೇ ಬರುತ್ತಲ್ಲ ಸಾರ್, ಈ ಕಸ ಯಾಕೆ?" ಎಂದರು. ಉತ್ತರ ಉದ್ದವಾಗುವಂತಿತ್ತು, ಕಾಫಿ ಆರುತ್ತಿತ್ತು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇವೆ.

ಹಳಬರಿಗೆ ನೆನಪಿರಬಹುದು. ಕ್ಯಾಸೆಟ್ಟಿನ ಕಾಲದಲ್ಲಿ ಹೊಸ ಹಾಲಿವುಡ್ ಸಿನಿಮಾದ ಒಂದು ವಿಎಚ್‌ಎಸ್ ಕ್ಯಾಸೆಟ್ಟಿಗೆ ಎಂಬತ್ತು, ತೊಂಬತ್ತು ಡಾಲರ್ ಬೆಲೆಯಿರುತ್ತಿತ್ತು. ಅದು ನಿಮಗೆ ನಮಗೆ ಇಟ್ಟ ಬೆಲೆಯಲ್ಲ, ಬಾಡಿಗೆ ಅಂಗಡಿಯವನಿಗೆ ಇಟ್ಟದ್ದು. ಅವನು ಒಂದು ಕ್ಯಾಸೆಟ್ಟನ್ನು ಮೂವತ್ತು ನಲವತ್ತು ಸಲ ಬಾಡಿಗೆಗೆ ಕೊಟ್ಟು ಅಸಲು ತೆಗೆಯಬೇಕು. ಎಲ್ಲರೂ ಕೊಂಡೇ ಕೊಳ್ಳುತ್ತಾರೆ ಎಂದು ನಂಬಿಕೆಯಿದ್ದ ಕೆಲವು ಚಿತ್ರಗಳಿಗೆ ಮಾತ್ರ ಬೇರೆ ಲೆಕ್ಕ. 1987ರಲ್ಲಿ 'ಟಾಪ್ ಗನ್' 26.95 ಡಾಲರಿಗೆ ಬಂತು, ಕ್ಯಾಸೆಟ್ಟಿನ ಆರಂಭದಲ್ಲಿ ಪೆಪ್ಸಿಯ ಜಾಹೀರಾತನ್ನೂ ಹೊತ್ತು. ಮರುವರ್ಷ 'ಇ.ಟಿ.' 24.95ಕ್ಕೆ. ಸಿನಿಮಾ ಎಂಬುದು ಪುಸ್ತಕದ ಹಾಗೆ ಮನೆಯ ಕಪಾಟಿನಲ್ಲಿ ಇಡುವ ವಸ್ತು ಎಂಬ ಅಭ್ಯಾಸ ಇಂಥ ಬೆಲೆಗಳಿಂದಲೇ ಶುರುವಾದದ್ದು.

ನಾವು ಬಂದ ಹೊಸದರಲ್ಲಿ ದೇಸಿ ಅಂಗಡಿಯಲ್ಲಿ ತೊಗರಿಬೇಳೆಯ ಮೂಟೆಗಳ ಹಿಂದೆ ಕ್ಯಾಸೆಟ್ಟಿನ ಗೋಡೆಯೇ ಇರುತ್ತಿತ್ತು. ಹಿಂದಿ ಕಣ್ಣಿನ ಮಟ್ಟದಲ್ಲಿ, ತಮಿಳು ತೆಲುಗು ಸೊಂಟದ ಮಟ್ಟದಲ್ಲಿ, ಕನ್ನಡ ಪಾದದ ಹತ್ತಿರ. ಬಗ್ಗಿ ನೋಡಿದರೆ ರಾಜಕುಮಾರ್ ಅವರ ಎರಡು ಮೂರು ಚಿತ್ರಗಳು, ಪ್ರತಿಯ ಪ್ರತಿ ಮಾಡಿದ್ದರಿಂದ ಮುಖವೆಲ್ಲ ಮಂಜು. ಅದಕ್ಕೇ ನಮ್ಮ ಕೂಟದವರು ಸ್ವಂತ ಪೆಟ್ಟಿಗೆ ಮಾಡಿದ್ದು. ಊರಿಗೆ ಹೋದವರು ನಾಲ್ಕು ಕ್ಯಾಸೆಟ್ ತರಬೇಕು. ಊರಿನದು ಪ್ಯಾಲ್ ಪದ್ಧತಿ, ಇಲ್ಲಿಯದು ಎನ್‌ಟಿಎಸ್‌ಸಿ. ಹಾಗೇ ಹಾಕಿದರೆ ಇಲ್ಲಿಯ ವಿಸಿಆರಿನಲ್ಲಿ ಚಿತ್ರ ನಿಲ್ಲುವುದಿಲ್ಲ. ಪರಿವರ್ತನೆಗೆ ಕ್ಯಾಸೆಟ್ಟಿನ ಬೆಲೆಗಿಂತ ಹೆಚ್ಚು ಖರ್ಚು. ಆ ಖರ್ಚನ್ನು ದೀಪಾವಳಿಯ ಊಟದ ಟಿಕೆಟ್ಟಿನಲ್ಲಿ ಸೇರಿಸಿ ವಸೂಲು ಮಾಡಿದ ಖಜಾಂಚಿಗಳ ಜಾಣತನವನ್ನು ಇಂದಿನ ಸಮಿತಿಯವರು ಕಲಿಯಬೇಕು.

1997ರ ಮಾರ್ಚಿನಲ್ಲಿ ಈ ದೇಶಕ್ಕೆ ಡಿವಿಡಿ ಬಂತು. ತಟ್ಟೆ ಹೊಸದು, ಅದಕ್ಕಿಂತ ಹೊಸದು ಅದರ ಬೆಲೆಯ ಯೋಚನೆ. ವಾರ್ನರ್ ಕಂಪನಿಯ ಹೋಮ್ ವಿಡಿಯೋ ವಿಭಾಗದ ಮುಖ್ಯಸ್ಥ ವಾರೆನ್ ಲೀಬರ್‌ಫಾರ್ಬ್ ಎಂಬಾತನ ಹಟ ಏನೆಂದರೆ, ಈ ತಟ್ಟೆಯನ್ನು ಬಾಡಿಗೆಯವನಿಗಲ್ಲ, ಮನೆಯವರಿಗೆ ಮಾರಬೇಕು. ಮೊದಲ ದಿನದಿಂದಲೇ ಇಪ್ಪತ್ತು ಇಪ್ಪತ್ತೈದು ಡಾಲರ್ ಇಡಬೇಕು. ಅಚ್ಚು ಒತ್ತುವ ಖರ್ಚು ಕ್ಯಾಸೆಟ್ಟಿಗಿಂತ ಕಡಿಮೆ, ಹಿಂದಕ್ಕೆ ಸುತ್ತುವ ಗೊಡವೆ ಇಲ್ಲ. ಅದೇ ಹೊತ್ತಿಗೆ ಸರ್ಕ್ಯೂಟ್ ಸಿಟಿ ಎಂಬ ಅಂಗಡಿಯವರು ಡಿವಿಎಕ್ಸ್ ಎಂಬ ಇನ್ನೊಂದು ಉಪಾಯ ತಂದರು. ಸುಮಾರು ನಾಲ್ಕೂವರೆ ಡಾಲರಿಗೆ ತಟ್ಟೆ, ನೋಡಲು ಶುರುಮಾಡಿದ ಮೇಲೆ 48 ಗಂಟೆ ಮಾತ್ರ ನಡೆಯುತ್ತದೆ, ಆಮೇಲೆ ಮತ್ತೆ ದುಡ್ಡು ಕಟ್ಟಬೇಕು. ಬೆಲೆ ಕಡಿಮೆಯೇ. ಆದರೂ 1998ರಲ್ಲಿ ಹುಟ್ಟಿದ್ದು 1999ರ ಜೂನಿನಲ್ಲಿ ಸತ್ತಿತು. ಮನೆಯೊಳಗಿರುವ ವಸ್ತು ತನ್ನದಲ್ಲ ಎಂದರೆ ಜನ ನಾಲ್ಕೂವರೆ ಡಾಲರನ್ನೂ ಕೊಡುವುದಿಲ್ಲ ಎಂದು ಆಗ ನಾವು ತಿಳಿದುಕೊಂಡೆವು. ಕಾಲ ಎಲ್ಲವನ್ನೂ ತಲೆಕೆಳಗು ಮಾಡುತ್ತದೆ, ಅದಕ್ಕೆ ಆಮೇಲೆ ಬರೋಣ.

ಪ್ಲೇಯರಿನ ಬೆಲೆ ಇಳಿಯುತ್ತಾ ಬಂತು, 2001ರಲ್ಲಿ ನಾವೂ ಒಂದು ತಂದೆವು. ಇನ್ನು ಕೆಲವು ವರ್ಷಕ್ಕೆ ವಾಲ್‌ಮಾರ್ಟಿನ ನಡುದಾರಿಯಲ್ಲಿ ತೊಟ್ಟಿಯಂಥ ಡಬ್ಬದಲ್ಲಿ ಐದು ಡಾಲರಿನ ಡಿವಿಡಿಗಳ ರಾಶಿ ಬಿದ್ದಿತು. ಮಕ್ಕಳು ಅದರೊಳಗೆ ಮೊಣಕೈವರೆಗೆ ಕೈ ಹಾಕಿ ಹುಡುಕುತ್ತಿದ್ದರು. ಊರಿಂದ ಬಂದಿದ್ದ ಅಮ್ಮ ಒಂದು ದಿನ ಗಾಡಿ ಹಿಡಿದುಕೊಂಡು ನಿಂತು ಹೇಳಿದ್ದು: "ಐದಕ್ಕೆ ಕೊಟ್ಟರೂ ಅವನಿಗೆ ಗಿಟ್ಟುತ್ತೆ ಅಂದ್ರೆ, ಇಪ್ಪತ್ತೈದು ತಗೊಂಡಾಗ ಎಷ್ಟು ಗಿಟ್ಟಿಸಿದ್ದ?" ಇಡೀ ಹೋಮ್ ವಿಡಿಯೋ ಉದ್ಯಮದ ಹೈ ಡೆಫಿನಿಷನ್ ಕಷ್ಟ ಅಮ್ಮನ ಈ ಒಂದು ಪ್ರಶ್ನೆಯಲ್ಲಿದೆ.

ಹೇಗೆಂದರೆ, 2006ರಲ್ಲಿ ಒಂದಲ್ಲ, ಎರಡು ಹೊಸ ತಟ್ಟೆಗಳು ಬಂದವು. ಏಪ್ರಿಲಿನಲ್ಲಿ ತೋಷಿಬಾದವರ ಎಚ್‌ಡಿ ಡಿವಿಡಿ, ಪ್ಲೇಯರಿಗೆ 499 ಡಾಲರ್. ಜೂನಿನಲ್ಲಿ ಸೋನಿ ಗುಂಪಿನ ಬ್ಲೂ-ರೇ, ಸ್ಯಾಮ್‌ಸಂಗಿನ ಮೊದಲ ಪ್ಲೇಯರಿಗೆ 999 ಡಾಲರ್. ಇದಕ್ಕೆ ಅದು ಹೊಂದದು, ಅದಕ್ಕೆ ಇದು ಹೊಂದದು. ತಟ್ಟೆಯೊಂದಕ್ಕೆ ಮೂವತ್ತು ಡಾಲರಿನ ಹತ್ತಿರ ಹತ್ತಿರ. ಇದೇ ಸಿನಿಮಾದ ಡಿವಿಡಿ ಪಕ್ಕದ ಸಾಲಿನಲ್ಲಿ ಹತ್ತಕ್ಕೆ, ತೊಟ್ಟಿಯಲ್ಲಿ ಐದಕ್ಕೆ. ಚಿತ್ರ ಚೆನ್ನಾಗಿತ್ತೇ? ಚೆನ್ನಾಗಿಯೇ ಇತ್ತು. ಇಲ್ಲಿಯ ಡಿವಿಡಿಯಲ್ಲಿ ಚಿತ್ರ 480 ಅಡ್ಡಗೆರೆಗಳದ್ದು, ಹೊಸದರಲ್ಲಿ 1080. ಆದರೆ ನಮ್ಮ ಬಳಿ ಇದ್ದದ್ದು ಇಬ್ಬರು ಹೊರಬೇಕಾದ 27 ಇಂಚಿನ ಡಬ್ಬ ಟೀವಿ. ಹತ್ತಡಿ ದೂರದಲ್ಲಿ ಕೂತು ಅದರಲ್ಲಿ ಏನು ಹಾಕಿದರೂ ಒಂದೇ. ವ್ಯತ್ಯಾಸ ಕಾಣಬೇಕಾದರೆ ಮೊದಲು ಟೀವಿ, ಆಮೇಲೆ ಪ್ಲೇಯರ್, ಆಮೇಲೆ ತಂತಿ, ಕೊನೆಗೆ ತಟ್ಟೆ. ಮದುವೆಗೆಂದು ಸೀರೆ ಕೊಂಡರೆ ಅದಕ್ಕೆ ಕುಪ್ಪಸ, ಕುಪ್ಪಸಕ್ಕೆ ಬಳೆ ಎಂದು ಸರಪಳಿ ಬೆಳೆಯುವುದಿಲ್ಲವೇ, ಹಾಗೆ. ತಟ್ಟೆಯ ಮೇಲೆ ಐದು ಡಾಲರ್ ಕಡಿಮೆ ಮಾಡಿದರೆ ಈ ಸರಪಳಿ ಕದಲುವುದಿಲ್ಲ.

ಆದ್ದರಿಂದ ಕೊಸರಿನ ಯುದ್ಧ ಶುರುವಾಯಿತು. ಪ್ಲೇಯರ್ ಕೊಂಡರೆ ಐದು ತಟ್ಟೆ ಉಚಿತ. ಅಮೆಜಾನಿನಲ್ಲಿ ಒಂದಕ್ಕೊಂದು ಉಚಿತ. ವಾರವಾರವೂ ಯಾರ ತಟ್ಟೆ ಎಷ್ಟು ಹೋಯಿತೆಂಬ ಲೆಕ್ಕ ಪತ್ರಿಕೆಗಳಲ್ಲಿ ಬರುತ್ತಿತ್ತು, ಅದನ್ನು ಹಿಡಿದುಕೊಂಡು ಎರಡೂ ಕಡೆಯವರು ಗೆದ್ದೆವೆಂದು ಹೇಳಿಕೆ ಕೊಡುತ್ತಿದ್ದರು. ಹಳೆಯ ದಾಸ್ತಾನು ಖಾಲಿ ಮಾಡಲು ರಿಯಾಯಿತಿ ಕೊಡುವುದನ್ನು ನಾವೆಲ್ಲ ನೋಡಿದ್ದೇವೆ, ಆಷಾಢದ ಸೀರೆ ಮಾರಾಟವಿದ್ದ ಹಾಗೆ. ಇಲ್ಲಿ ರಿಯಾಯಿತಿಯ ಉದ್ದೇಶವೇ ಬೇರೆ, ಓಟು ಎಣಿಸುವುದು. ಮಾರಿದ ಪ್ರತಿ ತಟ್ಟೆಯೂ ಒಂದು ಓಟು, ಉಚಿತ ತಟ್ಟೆ ಕೊಟ್ಟರೆ ಎರಡು ಓಟು. ಆ ಓಟು ತೋರಿಸಿ ಸಿನಿಮಾ ಕಂಪನಿಗಳನ್ನು ತಮ್ಮ ಕಡೆ ಎಳೆಯಬೇಕು. ಚುನಾವಣೆಗೆ ಮೊದಲು ಸೀರೆ ಹಂಚುವುದನ್ನು ಕಂಡ ನಮಗೆ ಇದು ಅರ್ಥವಾಗಲು ಕಷ್ಟವಾಗಲಿಲ್ಲ.

2007ರ ನವೆಂಬರ್ 2, ಶುಕ್ರವಾರ. ವಾಲ್‌ಮಾರ್ಟಿನವರು ತೋಷಿಬಾದ ಎಚ್‌ಡಿ ಡಿವಿಡಿ ಪ್ಲೇಯರನ್ನು 98 ಡಾಲರ್ 87 ಸೆಂಟಿಗೆ ಇಟ್ಟರು. ನೂರರ ಕೆಳಗೆ ಬಂದ ಮೊದಲ ಹೈ ಡೆಫಿನಿಷನ್ ತಟ್ಟೆಯಂತ್ರವಿದು. ಬೆಳಗಾಗುವ ಮೊದಲೇ ಜನ ಸಾಲು ನಿಂತರು, ಹಲವು ಕಡೆ ಮಧ್ಯಾಹ್ನದೊಳಗೆ ಖಾಲಿ. ನಮ್ಮ ಕೂಟದ ಮಿತ್ರರೊಬ್ಬರೂ ಸಾಲಿನಲ್ಲಿದ್ದರು. ಹೆಸರು ಬೇಡ, ಸಂಕ್ರಾಂತಿ ಕಾರ್ಯಕ್ರಮದಲ್ಲಿ ಮೈಕು ಕೀಚುಗುಟ್ಟಿದಾಗ ವೇದಿಕೆಯ ಪಕ್ಕದಿಂದ ಓಡಿ ಬರುವವರು ಎಂದರೆ ನಿಮಗೆಲ್ಲ ತಿಳಿಯುತ್ತದೆ. ಸಂಜೆ ಫೋನ್ ಮಾಡಿ, "ನೂರು ಡಾಲರಿಗೆ ಮಷೀನು, ಮೇಲೆ ಐದು ಸಿನಿಮಾ ಕೊಸರು ರೀ! ನೀವು ಇನ್ನೂ ಯೋಚನೆ ಮಾಡ್ತಾ ಕೂತಿರಿ" ಎಂದರು.

ನಾವು ಯೋಚನೆ ಮಾಡುತ್ತಲೇ ಕೂತೆವು. 2008ರ ಜನವರಿ 4ರಂದು ವಾರ್ನರ್‌ನವರು ಇನ್ನು ಮುಂದೆ ಬ್ಲೂ-ರೇ ಮಾತ್ರ ಎಂದರು. ತೋಷಿಬಾದವರು ಹತ್ತು ದಿನದೊಳಗೆ ಪ್ಲೇಯರಿನ ಬೆಲೆಯನ್ನು 150ರ ಸುತ್ತಮುತ್ತ ಇಳಿಸಿದರು, ಸೂಪರ್ ಬೌಲ್ ಪಂದ್ಯದ ನಡುವೆ ಜಾಹೀರಾತನ್ನೂ ಹಾಕಿಸಿದರು. ಫೆಬ್ರುವರಿಯಲ್ಲಿ ನೆಟ್‌ಫ್ಲಿಕ್ಸ್, ಬೆಸ್ಟ್ ಬೈ, ವಾಲ್‌ಮಾರ್ಟ್ ಒಂದರ ಹಿಂದೆ ಒಂದು ಬ್ಲೂ-ರೇ ಕಡೆ ವಾಲಿದವು. ಫೆಬ್ರುವರಿ 19ರಂದು ತೋಷಿಬಾ ಕೈಚೆಲ್ಲಿತು. ಮಿತ್ರರು ಸಾಲಿನಲ್ಲಿ ನಿಂತ ದಿನದಿಂದ ಅದು 109ನೇ ದಿನ.

ಬೆಲೆ ಅಷ್ಟು ಇಳಿದರೂ ಯಾಕೆ ಉಳಿಯಲಿಲ್ಲ? ನಮ್ಮ ಮನೆಯಲ್ಲಿ ಇದರ ಬಗ್ಗೆ ಎರಡು ಅಭಿಪ್ರಾಯವಿಲ್ಲ, ಅಪರೂಪಕ್ಕೆ. ನೂರು ಡಾಲರಿಗೆ ಯಂತ್ರ ಕೊಂಡವರು ನೂರು ಡಾಲರಿನ ಜನ. ಮೂವತ್ತು ಡಾಲರಿನ ತಟ್ಟೆ ಕೊಳ್ಳುವ ಜನವಲ್ಲ. ಉಚಿತವಾಗಿ ಬಂದ ಐದನ್ನು ನೋಡಿ, ಆಮೇಲೆ ಅದರಲ್ಲಿ ಹಳೆಯ ಡಿವಿಡಿಯನ್ನೇ ಹಾಕುತ್ತಾರೆ, ಅದೂ ಚೆನ್ನಾಗಿಯೇ ಕಾಣುತ್ತದೆ. ಯಂತ್ರದಲ್ಲಿ ನಷ್ಟ ಮಾಡಿಕೊಂಡು ತಟ್ಟೆಯಲ್ಲಿ ತೆಗೆಯುತ್ತೇವೆ ಎಂಬ ಲೆಕ್ಕ ಇಂಥವರ ಹತ್ತಿರ ನಡೆಯುವುದಿಲ್ಲ. ಸೋನಿಯವರು ಮಾಡಿದ್ದು ಬೇರೆ ಉಪಾಯ. 2006ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 3 ಎಂಬ ಆಟದ ಪೆಟ್ಟಿಗೆಯೊಳಗೇ ಬ್ಲೂ-ರೇ ಕೂರಿಸಿಬಿಟ್ಟರು. ಬೆಲೆ 499 ಮತ್ತು 599 ಡಾಲರ್, ಬೆವರು ಬರುವಷ್ಟು. ಆದರೆ ಕೊಡಿಸಿ ಎಂದು ಹಟ ಹಿಡಿಯಲು ಮನೆಯಲ್ಲಿ ಮಕ್ಕಳಿದ್ದರಲ್ಲ! ಎಕ್ಸ್‌ಬಾಕ್ಸಿನವರು ಎಚ್‌ಡಿ ಡಿವಿಡಿಯನ್ನು 199 ಡಾಲರಿನ ಬೇರೆ ಡಬ್ಬವಾಗಿ ಮಾರಿದರು; ಬೇಕಾದವರು ಕೊಳ್ಳಲಿ ಎಂದು. ಬೇಕಾದವರು ಕಡಿಮೆ. ಕೊಸರನ್ನು ತಕ್ಕಡಿಯ ಪಕ್ಕದಲ್ಲಿಡುವುದಕ್ಕೂ ಚೀಲದೊಳಗೇ ಹಾಕಿಬಿಡುವುದಕ್ಕೂ ಇಷ್ಟು ವ್ಯತ್ಯಾಸ.

ಮಿತ್ರರ ವಿಷಯ ಮುಗಿಸಿಬಿಡೋಣ. ಅವರು ಆ ಯಂತ್ರವನ್ನು ಹದಿಮೂರು ವರ್ಷ ಡಿವಿಡಿ ನೋಡಲು ಬಳಸಿದರು. 2009ರಲ್ಲಿ ವಾರ್ನರ್‌ನವರು ತಮ್ಮ ಹಳೆಯ ಕೆಂಪು ಡಬ್ಬದ ಎಚ್‌ಡಿ ಡಿವಿಡಿಯ ಹೊದಿಕೆಯ ಚಿತ್ರವನ್ನು ಕಳಿಸಿ, ಒಂದಕ್ಕೆ 4.95 ಡಾಲರ್ ಕಟ್ಟಿದರೆ ಬ್ಲೂ-ರೇ ಕೊಡುತ್ತೇವೆ ಎಂದಾಗ ಇವರು ಕಳಿಸಲಿಲ್ಲ. "ನನ್ನ ಹತ್ರ ಪ್ಲೇಯರ್ ಇದೆ, ಅವರ ಹತ್ರ ಇಲ್ಲ, ಅಷ್ಟೇ" ಎನ್ನುತ್ತಾರೆ.

ಯುದ್ಧ ಮುಗಿದ ಮೇಲೆ ಬೆಲೆ ದಡದಡ ಇಳಿಯುತ್ತದೆ ಎಂದು ಕಾದಿದ್ದೆವು. ಎದುರಾಳಿ ಇಲ್ಲದವನಿಗೆ ಇಳಿಸುವ ಅವಸರವೇನು? ಅದೇ ವರ್ಷ ಶರತ್ಕಾಲಕ್ಕೆ ಬ್ಯಾಂಕುಗಳೇ ಕುಸಿದವು, ನಮ್ಮಲ್ಲಿ ಒಬ್ಬರ ಕೆಲಸದ ಮೇಲೆ ಆರು ತಿಂಗಳು ಕತ್ತಿ ತೂಗುತ್ತಿತ್ತು, ಮನೆಯಲ್ಲಿ ಯಾರೂ ತಟ್ಟೆಯ ಮಾತಾಡಲಿಲ್ಲ. 2009ರ ಜೂನ್ 12ಕ್ಕೆ ಹಳೆಯ ಅನಲಾಗ್ ಪ್ರಸಾರ ನಿಂತಿತು. ಸರ್ಕಾರವೇ ಡಬ್ಬ ಟೀವಿಗೆ ಸಿಕ್ಕಿಸುವ ಪೆಟ್ಟಿಗೆಗೆಂದು 40 ಡಾಲರಿನ ಕೂಪನ್ ಹಂಚಿತ್ತು, ಅದರಲ್ಲಿ ಒಂದು ನಮಗೂ ಬಂದಿತ್ತು. ಟೀವಿ ಬದಲಾದದ್ದು ಆ ವರ್ಷದ ಥ್ಯಾಂಕ್ಸ್‌ಗಿವಿಂಗಿನಲ್ಲಿ. ಆ ಹೊತ್ತಿಗೆ ಪ್ಲೇಸ್ಟೇಷನ್ನು 299ಕ್ಕೆ ಇಳಿದಿತ್ತು, ಮಗನ ಹಟ ಮಾತ್ರ ಇಳಿದಿರಲಿಲ್ಲ.

ಟೀವಿಯ ಜೊತೆಗಿದ್ದ 50 ಡಾಲರಿನ ಅಂಚೆ ರಿಬೇಟಿನ ಕಥೆ ಬೇಡವೆಂದುಕೊಂಡಿದ್ದೆವು, ಆದರೆ ಹೇಳದೆ ಇರಲಾಗುವುದಿಲ್ಲ. ರಸೀದಿಯ ಮೂಲ, ಡಬ್ಬದ ಗೆರೆಚೀಟಿಯ ಮೂಲ, ಸಹಿ, ದಿನಾಂಕ, ಎಲ್ಲ ಹಾಕಿ ಕಳಿಸಿದೆವು. ಗೆರೆಚೀಟಿ ಇಲ್ಲ ಎಂದು ಕಾರ್ಡು ಬಂತು. ಕಳಿಸಿದ್ದರ ನಕಲನ್ನು ಮತ್ತೆ ಕಳಿಸಿದರೆ, ನಕಲು ನಡೆಯುವುದಿಲ್ಲ ಎಂದು ಇನ್ನೊಂದು ಕಾರ್ಡು. ಯಾವ ಅಂಗಡಿ ಎಂದು ಕೇಳಬೇಡಿ. ರಿಬೇಟು ಎಂಬ ಕೊಸರಿನ ಲೆಕ್ಕಾಚಾರವೇ ಹೀಗೆ: ಎಲ್ಲರೂ ಬೆಲೆ ಕಡಿಮೆ ಎಂದು ಕೊಳ್ಳಬೇಕು, ಒಂದಷ್ಟು ಜನ ಕಳಿಸಲು ಮರೆಯಬೇಕು, ಇನ್ನೊಂದಷ್ಟು ಜನ ಸುಸ್ತಾಗಬೇಕು.

ಬ್ಲೂ-ರೇಯನ್ನು ನಮ್ಮಂಥವರ ಮನೆಗೆ ನಿಜವಾಗಿ ತಂದದ್ದು ಬೆಲೆ ಇಳಿಕೆಗಿಂತ ಜೋಡಿ ಡಬ್ಬ ಎಂದು ನಮ್ಮ ಅನಿಸಿಕೆ. 2008ರ ಅಕ್ಟೋಬರಿನಲ್ಲಿ ಡಿಸ್ನಿಯವರು 'ಸ್ಲೀಪಿಂಗ್ ಬ್ಯೂಟಿ'ಯ ಬ್ಲೂ-ರೇ ಡಬ್ಬದೊಳಗೇ ಒಂದು ಡಿವಿಡಿಯನ್ನೂ ಇಟ್ಟರು. ಮನೆಯ ಟೀವಿಗೆ ಒಂದು, ವ್ಯಾನಿನ ಹಿಂದಿನ ಸೀಟಿನ ಪುಟ್ಟ ಪರದೆಗೆ ಒಂದು. ಇನ್ನೂ ಬ್ಲೂ-ರೇ ಪ್ಲೇಯರ್ ಇಲ್ಲದವರೂ, ಮುಂದೆ ಬೇಕಾಗುತ್ತದೆ ಎಂದು ಕೊಳ್ಳಬಹುದು. ತಾಯಂದಿರ ಮನಸ್ಸು ತಿಳಿದವರು ಮಾಡಿದ ಕೆಲಸ. ಅಷ್ಟರಲ್ಲಿ ದಿನಸಿ ಅಂಗಡಿಯ ಬಾಗಿಲಲ್ಲಿ ಒಂದು ರಾತ್ರಿಗೆ ಒಂದು ಡಾಲರಿನ ರೆಡ್‌ಬಾಕ್ಸ್ ಬಂದಿತ್ತು, ನೆಟ್‌ಫ್ಲಿಕ್ಸಿನವರು 2007ರಲ್ಲೇ ತಂತಿಯ ಮೇಲೆ ಸಿನಿಮಾ ಕಳಿಸಲು ಶುರುಮಾಡಿದ್ದರು. ಬ್ಲೂ-ರೇ ಗೆದ್ದ ಕುಸ್ತಿಯ ಅಖಾಡವೇ ಕೆಳಗಿನಿಂದ ಜಾರುತ್ತಿತ್ತು.

ಈಗ ಊರಿನ ಕಡೆ ಬರೋಣ. ಇಲ್ಲಿ ಎರಡು ತಟ್ಟೆಗಳು ಕಾದಾಡುತ್ತಿದ್ದ 2007ರಲ್ಲೇ ಅಲ್ಲಿ ಮೋಸರ್ ಬೇರ್ ಎಂಬ ಕಂಪನಿ ವಿಸಿಡಿಗೆ 28 ರೂಪಾಯಿ, ಡಿವಿಡಿಗೆ 34 ರೂಪಾಯಿ ಬೆಲೆಯಿಟ್ಟಿತು. ಡಾಲರಿಗಿಂತ ಕಡಿಮೆ! ಫುಟ್‌ಪಾತಿನ ಕಳ್ಳ ತಟ್ಟೆಯ ಬೆಲೆಗೇ ಅಸಲಿ ತಟ್ಟೆ ಕೊಟ್ಟರೆ ಜನ ಅಸಲಿಯನ್ನೇ ಕೊಳ್ಳುತ್ತಾರೆ ಎಂಬ ಲೆಕ್ಕ. ಲೆಕ್ಕ ಸರಿಯಾಗಿಯೇ ಇತ್ತು, ನಾವೂ ಆ ಬೇಸಿಗೆಯಲ್ಲಿ ಸೂಟ್‌ಕೇಸಿನಲ್ಲಿ ಹಪ್ಪಳದ ಜೊತೆ ಒಂದು ರಾಶಿ ತಂದೆವು. ಅದರಲ್ಲಿ ಕೆಲವು ನಮ್ಮ ಒಳ್ಳೆಯ ಪ್ಲೇಯರಿನಲ್ಲಿ ಓಡಲಿಲ್ಲ. ಇಲ್ಲಿಯ ಡಿವಿಡಿ ವಲಯ 1, ಭಾರತ ವಲಯ 5. ಯಾರೂ ಹೆಸರು ಕೇಳದ ನಲವತ್ತು ಡಾಲರಿನ ಯಂತ್ರವೊಂದು ಮಾತ್ರ ಜಾತಿಮತ ನೋಡದೆ ಎಲ್ಲವನ್ನೂ ನುಂಗಿತು. ಇಂದಿಗೂ ಅದೇ ನಮ್ಮ ಗರಾಜಿನ ರಾಜ.

ಆದರೆ ಅಗ್ಗವನ್ನು ಎಲ್ಲಿಂದಾದರೂ ಕೆತ್ತಲೇಬೇಕು. ಒಂದೇ ಡಿವಿಡಿಯಲ್ಲಿ ಮೂರು ಸಿನಿಮಾ ತುಂಬಿಸಿದ ತಟ್ಟೆಗಳನ್ನು ನೀವೂ ಕೊಂಡಿರುತ್ತೀರಿ. ಎರಡು ಪದರದ ಡಿವಿಡಿಯಲ್ಲಿ ಇರುವುದೇ 8.5 ಗಿಗಾಬೈಟ್ ಜಾಗ. ಬ್ಲೂ-ರೇಯಲ್ಲಿ ಅದು 50. ಒಬ್ಬರ ಊಟವನ್ನು ಮೂವರಿಗೆ ಬಡಿಸಿದರೆ ಎಲೆಯಲ್ಲಿ ಏನು ಕಾಣುತ್ತದೆ? ಹಾಡಿನಲ್ಲಿ ಮಳೆ ಬಂದರೆ ಪರದೆಯ ಮೇಲೆ ಚೌಕಚೌಕ. 34 ರೂಪಾಯಿಗೆ ಮೂರು ಸಿನಿಮಾ ಸಿಗುವ ಕಡೆ, ಹಳೆಯ ನೆಗೆಟಿವ್ ಹುಡುಕಿ, ತೊಳೆದು, ಒಂದೊಂದು ಚೌಕಟ್ಟನ್ನೂ ಸ್ಕ್ಯಾನ್ ಮಾಡಿ ಬ್ಲೂ-ರೇ ಮಾಡುವವನು ಯಾರಿಗೆ ಮಾರಬೇಕು? ಇಂಗ್ಲಿಷಿನವರಿಗೆ ಬೆಲೆ ಏರಿದ್ದಕ್ಕೆ ಹೊಸ ತಟ್ಟೆ ತಡವಾಯಿತು. ನಮಗೆ ಬೆಲೆ ಇಳಿದದ್ದಕ್ಕೆ ಬರಲೇ ಇಲ್ಲ ಎಂದು ನಮಗೆ ತೋರುತ್ತದೆ. ಇಷ್ಟು ವರ್ಷಗಳಲ್ಲಿ ನಮ್ಮ ಕೂಟದ ಪೆಟ್ಟಿಗೆಗೆ ಕನ್ನಡದ ಒಂದು ಬ್ಲೂ-ರೇಯೂ ಸೇರಿಲ್ಲ. ಕ್ಯಾಸೆಟ್, ವಿಸಿಡಿ, ಡಿವಿಡಿ, ಅಲ್ಲಿಗೆ ಪೆಟ್ಟಿಗೆ ಮುಗಿಯುತ್ತದೆ.

ಕೆಲವಕ್ಕೆ ಬೇರೆ ದಾರಿಯಲ್ಲಿ ಭಾಗ್ಯ ಬಂದಿದೆ. ಗಿರೀಶ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಸಂಸ್ಥೆ ಸೇರಿ ಪುನರುದ್ಧಾರ ಮಾಡಿ 2024ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಅದು ಮಾರುಕಟ್ಟೆಯಿಂದ ಆದದ್ದಲ್ಲ, ಪ್ರೀತಿ ಇದ್ದವರು ಹಣ ಹಾಕಿದ್ದರಿಂದ ಆದದ್ದು. ಎಲ್ಲ ಚಿತ್ರಕ್ಕೂ ಅಂಥ ಬಂಧುಗಳಿರುವುದಿಲ್ಲ.

"ಎಲ್ಲಾ ಟೀವಿಯಲ್ಲೇ ಬರುತ್ತಲ್ಲ" ಎಂದ ಸದಸ್ಯರಿಗೆ ನಮ್ಮ ಉತ್ತರ ಇದರ ಸುತ್ತಲೇ ಇದೆ. ವಾಲ್‌ಮಾರ್ಟಿನವರು 2012ರಲ್ಲಿ ಮನೆಯ ಡಿವಿಡಿ ತಂದು ತೋರಿಸಿ ಐದು ಡಾಲರ್ ಕೊಟ್ಟರೆ ಅದರ ಹೈ ಡೆಫಿನಿಷನ್ ಪ್ರತಿಯನ್ನು ಅಲ್ಟ್ರಾವಯೊಲೆಟ್ ಎಂಬ ಖಾತೆಯಲ್ಲಿ ಇಡುತ್ತಿದ್ದರು. 2019ರ ಜುಲೈ 31ಕ್ಕೆ ಆ ಖಾತೆಯ ವ್ಯವಸ್ಥೆಯೇ ಮುಚ್ಚಿತು. ಬೇರೆ ಖಾತೆಗೆ ಜೋಡಿಸಿಕೊಂಡವರದು ಉಳಿಯಿತು. ನೆಟ್‌ಫ್ಲಿಕ್ಸಿನ ಕೆಂಪು ಲಕೋಟೆ 2023ರ ಸೆಪ್ಟೆಂಬರ್ 29ಕ್ಕೆ ನಿಂತಿತು. ಕೊನೆಯ ತಟ್ಟೆಗಳನ್ನು ವಾಪಸು ಕಳಿಸಬೇಡಿ, ಇಟ್ಟುಕೊಳ್ಳಿ ಎಂದರು, ಇಪ್ಪತ್ತೈದು ವರ್ಷದ ವ್ಯಾಪಾರದ ಕೊನೆಯ ಕೊಸರು. ಬೆಸ್ಟ್ ಬೈನವರು 2024ರಲ್ಲಿ ಸಿನಿಮಾ ತಟ್ಟೆ ಮಾರುವುದನ್ನೇ ಬಿಟ್ಟರು. 1999ರಲ್ಲಿ 48 ಗಂಟೆಯ ತಟ್ಟೆಯನ್ನು ಬೇಡವೆಂದ ನಾವೇ ಇಂದು ತಿಂಗಳ ಬಾಡಿಗೆ ಕಟ್ಟಿ, ಕಳೆದ ತಿಂಗಳು ಇದ್ದ ಸಿನಿಮಾ ಈ ತಿಂಗಳು ಯಾಕಿಲ್ಲ ಎಂದು ರಿಮೋಟು ಒತ್ತುತ್ತಾ ಕೂರುತ್ತೇವೆ. ಅಮ್ಮ ಕೊನೆಯ ಸಲ ಬಂದಿದ್ದಾಗ ಕೇಳಿದ ಕನ್ನಡ ಚಿತ್ರ ಮೂರು ಚಂದಾಗಳಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಗರಾಜಿನ ಎರಡನೇ ಪೆಟ್ಟಿಗೆಯಲ್ಲಿ, ಎರಡು ತಟ್ಟೆಯ ವಿಸಿಡಿಯಾಗಿ. ಮಧ್ಯಂತರಕ್ಕೆ ಎದ್ದು ತಟ್ಟೆ ಬದಲಾಯಿಸಿದೆವು, ಅಮ್ಮ ಅಷ್ಟರಲ್ಲಿ ಹುರಿಗಡಲೆ ತಂದುಕೊಂಡರು.

ಹೀಗಾಗಿ ಪೆಟ್ಟಿಗೆ ಎಸೆಯುವುದು ಬೇಡವೆಂದು ನಮ್ಮ ಮತ. ಯುಗಾದಿ ಕಾರ್ಯಕ್ರಮದ ದಿನ ನಾಲ್ಕೂ ಪೆಟ್ಟಿಗೆಗಳನ್ನು ಊಟದ ಹಾಲಿನ ಪಕ್ಕದ ಮೇಜಿನ ಮೇಲೆ ಇಡುತ್ತೇವೆ. ಎರಡೆರಡು ಪ್ರತಿ ಇರುವುದನ್ನು ಬೇಕಾದವರು ಒಯ್ಯಬಹುದು, ಬೆಲೆಯಿಲ್ಲ, ರಿಬೇಟೂ ಇಲ್ಲ. ಒಂದೇ ಪ್ರತಿ ಇರುವುದಕ್ಕೆ ಕೆಂಪು ಚುಕ್ಕೆ ಅಂಟಿಸಿರುತ್ತೇವೆ, ಅದನ್ನು ದಯವಿಟ್ಟು ಮುಟ್ಟಬೇಡಿ. ನಾಲ್ಕನೇ ಪೆಟ್ಟಿಗೆಯಲ್ಲಿ ದೂರದರ್ಶನದಿಂದ ರೆಕಾರ್ಡ್ ಮಾಡಿದ ಹನ್ನೊಂದು ಪ್ಯಾಲ್ ಕ್ಯಾಸೆಟ್ಟುಗಳಿವೆ, ಹೆಸರು ನೀಲಿ ಬಾಲ್ ಪೆನ್ನಿನಲ್ಲಿ ಬರೆದಿದೆ, ಎರಡರ ಮೇಲೆ ಅಳಿಸಿಹೋಗಿದೆ. ಯಾರ ಮನೆಯ ನೆಲಮಾಳಿಗೆಯಲ್ಲಾದರೂ ಎಲ್ಲ ಪದ್ಧತಿಯ ಕ್ಯಾಸೆಟ್ ಓಡಿಸುವ ವಿಸಿಆರ್ ಇನ್ನೂ ಉಸಿರಾಡುತ್ತಿದ್ದರೆ ಸಮಿತಿಗೆ ತಿಳಿಸಿ. ಹೊತ್ತು ತರುವ ಕೆಲಸ ಮೈಕಿನ ಮಿತ್ರರು ಒಪ್ಪಿಕೊಂಡಿದ್ದಾರೆ.